ಕೀಲಿಗಿಂತ ಮೊದಲು ಕಾಗದ ಕೇಳುವ ನಾಹೀದ

ಬೆಳಗಿನ ಆರು ಗಂಟೆ. ಬೀದರಿನ ನೌಬಾದದ ಅಂಚಿನ ಖಾಲಿ ಮೈದಾನದಲ್ಲಿ ಕೆಂಪು ಮಣ್ಣಿನ ಮೇಲೆ ಸುಣ್ಣದಿಂದ ಬರೆದ ದೊಡ್ಡ ಎಂಟರ ಅಂಕಿ ಇನ್ನೂ ಹಸಿಯಾಗಿದೆ. ಬುರ್ಖಾದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡ ನಾಹೀದ ಅವರು ಕೈ ಚಾಚಿ ನಿಂತಿದ್ದಾರೆ. ಹಲಬರ್ಗಾದಿಂದ ಮಗಳನ್ನು ಕರೆತಂದ ಹಣಮಂತಪ್ಪ ಆ ಕೈಗೆ ಬೈಕಿನ ಕೀಲಿ ಇಡಲು ಹೋಗುತ್ತಾರೆ.

"ಕೀಲಿ ಆಮ್ಯಾಲ. ಮೊದಲ ಆರ್‌ಸಿ, ಇನ್ಶೂರೆನ್ಸ್ ತೋರಸ್ರಿ."

"ಅಲ್ರಿ ಮೇಡಂ, ಗಾಡಿ ಕಲಸ್ರಿ ಅಂದ್ರ ಪೊಲೀಸ್ರಂಗ ಕಾಗದ ಕೇಳ್ತೀರಲ್ಲ?"

"ಪೊಲೀಸ್ರು ಬಿದ್ದ ಮ್ಯಾಲ ಕೇಳ್ತಾರ ಅಣ್ಣಾ. ನಾ ಬೀಳೂಕಿಂತ ಮೊದಲ ಕೇಳ್ತೇನಿ."

ನಾಹೀದ ಅವರಿಗೆ ಈಗ ನಲವತ್ತೊಂದು. ಪರವಾನಗಿ ಪಡೆದ ದ್ವಿಚಕ್ರ ತರಬೇತಿದಾರರು. ಆರರಿಂದ ಒಂಬತ್ತರವರೆಗೆ ನಾಲ್ಕು ಮಂದಿಗೆ ಮುಕ್ಕಾಲು ಮುಕ್ಕಾಲು ಗಂಟೆ ಪಾಠ. ಅದರಲ್ಲಿ ಮೊದಲ ಪಾಠ ಎಂಜಿನ್ ಶುರು ಮಾಡದೆಯೇ ಮುಗಿಯುತ್ತದೆ. ಕಲಿಯುವವರು ತಮ್ಮ ಗಾಡಿಯ ವಿಮೆ ಪಾಲಿಸಿಯನ್ನು ಗಟ್ಟಿಯಾಗಿ ಓದಬೇಕು. ಕಳೆದ ವರ್ಷ ಎಂಬತ್ತನಾಲ್ಕು ಮಂದಿ ಕಲಿಯಲು ಬಂದರು. ಮೂವತ್ತೊಂದು ಮಂದಿಯನ್ನು ಇವರೇ ವಾಪಸ್ ಕಳಿಸಿದರು. ಹೆಚ್ಚಿನವರಿಗೆ ಹದಿನೆಂಟು ತುಂಬಿರಲಿಲ್ಲ. ಆ ಮೂವತ್ತೊಂದರಲ್ಲಿ ಬಹುತೇಕರು ಅದೇ ವಾರ ಬೇರೆಲ್ಲೋ ಕಲಿತು, ಬೀದರಿನ ರಸ್ತೆಗಿಳಿದಿದ್ದಾರೆ ಎಂಬುದು ಅವರಿಗೆ ಗೊತ್ತು.

ಹಣಮಂತಪ್ಪ ಸೀಟಿನ ಕೆಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು ಕೊಡುತ್ತಾರೆ. ಆರ್‌ಸಿಯಲ್ಲಿ ಮಾಲೀಕರ ಹೆಸರು ಸಿದ್ದೇಶ್ವರಿ.

"ಯಾರ್ರಿ ಇವ್ರು?"

"ನಮ್ಮವ್ವ. ಆಕಿ ಕೈಗುಣ ಛಲೋ ಅದ ಅಂತ ಆಕಿ ಹೆಸರಿಲೇ ತಗೊಂಡೀವಿ."

"ಲೈಸೆನ್ಸ್ ಅದ ಏನು ಅವ್ರಿಗೆ?"

ಹಣಮಂತಪ್ಪನವರಿಗೆ ನಗು ತಡೆಯಲಾಗುವುದಿಲ್ಲ. "ನಮ್ಮವ್ವಗಾ? ಸೈಕಲ್ ಸೈತ ಮುಟ್ಟಿಲ್ರಿ ಆಕಿ!"

ನಾಹೀದ ನಗುವುದಿಲ್ಲ. ಬೀದರ, ಭಾಲ್ಕಿ, ಔರಾದ ಕಡೆ ಎಷ್ಟೋ ಮನೆಗಳಲ್ಲಿ ದಸರೆಗೆ ಹೊಸ ಗಾಡಿ ಬಂದರೆ ಅದು ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಬರುತ್ತದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡುವವಳು ಅವಳೇ, ಕುಂಕುಮ ಹಚ್ಚುವವಳು ಅವಳೇ. ಆಮೇಲೆ ಅವಳು ಆ ಗಾಡಿಯ ಮೇಲೆ ಕೂರುವುದು ಹಿಂದೆ, ಒಂದೇ ಕಡೆಗೆ ಕಾಲು ಹಾಕಿ. ಆದರೆ ಗಾಡಿಯ ಜೊತೆ ಬರುವ ಮಾಲೀಕ-ಚಾಲಕನ ಅಪಘಾತ ವಿಮೆ, ಮಾಲೀಕನ ಬಳಿ ಲೈಸೆನ್ಸ್ ಇದ್ದರೆ ಮಾತ್ರ ಕೈಗೆ ಬರುತ್ತದೆ. ಲೈಸೆನ್ಸ್ ಇಲ್ಲದ ಹುಡುಗ ಆ ಗಾಡಿಯಿಂದ ಯಾರಿಗಾದರೂ ಗುದ್ದಿದರೆ, ಕಂಪನಿ ಗಾಯಗೊಂಡವರಿಗೆ ಪರಿಹಾರ ಕೊಟ್ಟು ಅದನ್ನು ಮಾಲೀಕಳಿಂದಲೇ ವಸೂಲಿ ಮಾಡಬಹುದು. ಹುಡುಗ ಹದಿನೆಂಟರ ಒಳಗಿನವನಾದರೆ ಪಾಲಕರ ಮೇಲೆ, ಗಾಡಿಯ ಒಡೆಯರ ಮೇಲೆ ಕೇಸು. ಕುಂಕುಮ ಹಚ್ಚುವ ಹೊತ್ತಿನಲ್ಲಿ ಇದನ್ನು ಅವಳಿಗೆ ಯಾರೂ ಓದಿ ಹೇಳುವುದಿಲ್ಲ. ಶೋರೂಮಿನವರು ಸಹಿ ಎಲ್ಲಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಡುತ್ತಾರೆ, ಅಷ್ಟೇ.

ಇದೆಲ್ಲ ನಾಹೀದ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷ ಅವರು ಅಪಘಾತದ ಗಾಡಿಗಳನ್ನು ಪರಿಶೀಲಿಸುವ ಒಬ್ಬ ಸರ್ವೇಯರ್ ಬಳಿ ಟೈಪಿಸ್ಟ್ ಆಗಿದ್ದರು. ಕ್ಲೇಮು ತಿರಸ್ಕರಿಸಿದ ಪತ್ರಗಳು ಕಂಪನಿಯಿಂದ ಬಂದಾಗ, ಕನ್ನಡದಲ್ಲಿ ಅದರ ಸಾರ ಟೈಪು ಮಾಡಿ ಊರಿನವರಿಗೆ ಕೊಡುವ ಕೆಲಸವೂ ಇವರದೇ. ಔರಾದದ ಸಖುಬಾಯಿ ಬಂದ ದಿನವನ್ನು ಅವರು ಮರೆತಿಲ್ಲ. ಸಖುಬಾಯಿಯ ಹದಿನೇಳರ ಮಗ ಕಪಿಲ ಬೈಕ್ ಕಲಿಯಲು ಹೋಗಿ ರಸ್ತೆಯ ಮೋರಿಕಟ್ಟೆಗೆ ಗುದ್ದಿ ಮೊಣಕಾಲು ಪುಡಿ ಮಾಡಿಕೊಂಡಿದ್ದ. ಗಾಡಿ ತಾಯಿಯ ಹೆಸರಿನಲ್ಲಿತ್ತು. ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲ, ಮಾಲೀಕಳಿಗೂ ಇರಲಿಲ್ಲ; ಕ್ಲೇಮು ತಿರಸ್ಕಾರವಾಗಿತ್ತು.

"ನಾ ಪತ್ರ ಓದಿ ಹೇಳ್ದೆ. ಆಕಿ ಅಳ್ಲಿಲ್ರಿ. ನನ್ನ ಮಾರಿ ನೋಡಿ ಕೇಳಿದ್ಲು, 'ಅಕ್ಕಾ, ಶೋರೂಮಿನ್ಯಾಗ ಇನ್ಶೂರೆನ್ಸ್ ಅಂತ ರೊಕ್ಕ ತಗೊಂಡ್ರಲ್ಲ, ಅದು ಯಾರ ಸಲುವಾಗಿ?' ಅಂಥಾ ಪತ್ರ ನಾ ಎಷ್ಟು ಟೈಪ್ ಮಾಡೀನೋ, ಖುದಾಗ ಗೊತ್ತು. ಒಂದರ ಸಲುವಾಗಿನೂ ನಾ ಕುರ್ಚಿ ಬಿಟ್ಟು ಎದ್ದಿರ್ಲಿಲ್ಲ."

ಆ ತಿಂಗಳು ಕೆಲಸ ಬಿಟ್ಟರು. ಗಂಡ ಬಿಟ್ಟುಹೋದ ಹಳೆಯ ಬೈಕಿನಲ್ಲಿ ಮೊದಲು ತಾವು ಕಲಿತರು. ಹೆಣ್ಣುಮಗಳು ಬೈಕ್ ಕಲಿಸುತ್ತಾಳೆಂದು ಓಣಿಯವರು ಎರಡು ವರ್ಷ ಆಡಿಕೊಂಡರು. ಈಗ ಅವರ ಮಕ್ಕಳೇ ಬರುತ್ತಾರೆ.

ಇತ್ತ ಮೈದಾನದಲ್ಲಿ ಹಣಮಂತಪ್ಪನವರ ಮಗಳು ಆರತಿ ಇಷ್ಟು ಹೊತ್ತು ಸುಮ್ಮನಿದ್ದವಳು ಬಾಯಿ ತೆರೆಯುತ್ತಾಳೆ. ಹದಿನೆಂಟು ತುಂಬಲು ಅವಳಿಗೆ ಇನ್ನೂ ಹನ್ನೊಂದು ವಾರ. ಭಾಲ್ಕಿಯ ಕಾಲೇಜಿನಲ್ಲಿ ಪ್ರಯೋಗಾಲಯ ಎಂಟಕ್ಕೆ ಶುರು, ಊರಿನ ಬಸ್ಸು ತಲುಪುವುದು ಎಂಟೂ ನಲವತ್ತಕ್ಕೆ. "ಹಾಜರಿ ಕಮ್ಮಿ ಬಿದ್ರ ಪರೀಕ್ಷಾಕ್ಕ ಕುಂಡ್ರಸಂಗಿಲ್ಲ ಅಂದಾರ್ರಿ. ಅಪ್ಪ ಅಂತಾರ, ಗಾಡಿ ಕಲಿ, ಇಲ್ಲಂದ್ರ ಕಾಲೇಜು ಬಿಡು."

ನಾಹೀದ ಅವರಿಗೆ ಈಗ ಬರುವ ಸಿಟ್ಟಿಗೆ ಒಂದೇ ಗುರಿಯಿಲ್ಲ. "ಎಂಟು ಗಂಟೆಗಿ ಕ್ಲಾಸ್ ಇಡೋರಿಗೆ ಬಸ್ ಯಾವಾಗ ಬರ್ತದ ಗೊತ್ತಿಲ್ಲ. ಬಸ್ ಬಿಡೋರಿಗೆ ಕ್ಲಾಸ್ ಗೊತ್ತಿಲ್ಲ. ಕಾಯ್ದಾ ಅಂತದ, ಹದಿನಾರಕ್ಕ ಐವತ್ತು ಸಿಸಿ ಗೇರಿಲ್ಲದ ಗಾಡಿ ಓಡಸ್ರಿ ಅಂತ. ಅಂಥಾ ಪೆಟ್ರೋಲ್ ಗಾಡಿ ಇಡೀ ಬೀದರದಾಗ ಯಾವ ಶೋರೂಮಿನ್ಯಾಗ ಅದ, ತೋರಸ್ರಿ ನನಗ! ಎಲ್ಲಾರೂ ಸೇರಿ ಕೂಸಿಗೆ ದೊಡ್ಡ ಗಾಡಿ ಮ್ಯಾಲ ಕೂಡಸ್ತೀರಿ, ಬಿದ್ರ ಆಕಿದೇ ತಪ್ಪು ಅಂತೀರಿ."

"ನಿಮ್ಮವ್ವಗ ಫೋನ್ ಹಚ್ರಿ," ಎನ್ನುತ್ತಾರೆ ನಾಹೀದ.

ಸ್ಪೀಕರಿನಲ್ಲಿ ಸಿದ್ದೇಶ್ವರಿಯವರ ದನಿ. ಪಾಲಿಸಿಯಲ್ಲಿ ಲೈಸೆನ್ಸಿನ ಬಗ್ಗೆ ಇರುವ ಎರಡು ಸಾಲನ್ನು ನಾಹೀದ ಬಿಡಿಸಿ ಓದುತ್ತಾರೆ. ಆರತಿ ಯಾರಿಗಾದರೂ ಗುದ್ದಿದರೆ ಕೋರ್ಟಿನ ಕಾಗದ ಯಾರ ಹೆಸರಿಗೆ ಬರುತ್ತದೆ ಎಂಬುದನ್ನೂ ಹೇಳುತ್ತಾರೆ.

"ಹಣಮ್ಯಾ!" ಫೋನು ನಡುಗುವಂತೆ ಕೂಗು. "ನನ್ನ ಹೆಸರಿಗಿ ಗಾಡಿ ತಂದಿ ಅಂತ ಊರ ತುಂಬ ಪೇಢೆ ಹಂಚ್ದಿ. ಅದರಾಗ ಇದು ಬರ್ದದ ಅಂತ ಹೇಳಿದೇನು?"

"ನಾನೂ ಓದಿಲ್ಲವ್ವ..."

"ಓದಿಲ್ಲ! ಹತ್ತನೇತ್ತ ಪಾಸಾಗಿ ಏನ್ ಮಾಡ್ದಿ? ಕೂಸು ಗಾಡಿ ಮುಟ್ಟಂಗಿಲ್ಲ, ಕಾಲೇಜೂ ಬಿಡಂಗಿಲ್ಲ. ಏಳಕ್ಕ ಎದ್ದು ಚಹಾ ಕುಡ್ಕೋತ ಕೂಡ್ತಿಯಲ್ಲ, ನಾಳಿಂದ ನೀನೇ ಆಕಿಗಿ ಭಾಲ್ಕಿಗಿ ಬಿಟ್ಟು ಬಾ. ನಿನ್ನ ಹತ್ರ ಲೈಸೆನ್ಸರೆ ಅದ ಇಲ್ಲೋ?"

"ಅದವ್ವ," ಎಂದು ಹಣಮಂತಪ್ಪ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ಆರತಿ ಮುಖ ತಿರುಗಿಸಿ ನಗುತ್ತಾಳೆ. ಹದಿನೆಂಟು ತುಂಬಿದ ಮರುದಿನವೇ ಕಲಿಕಾ ಲೈಸೆನ್ಸಿಗೆ ಅರ್ಜಿ, ಗಾಡಿ ಹಣಮಂತಪ್ಪನವರ ಹೆಸರಿಗೆ, ಪಾಲಿಸಿಯೂ ಅವರ ಹೆಸರಿಗೆ. ಇಷ್ಟನ್ನು ಬರೆಸಿಕೊಂಡೇ ನಾಹೀದ ತಂದೆ-ಮಗಳನ್ನು ಬೀಳ್ಕೊಡುತ್ತಾರೆ. ಆ ಹೊತ್ತಿನ ಪಾಠ ಖಾಲಿ ಹೋಗಿದೆ. ಅದಕ್ಕೆ ಅವರು ಏನೂ ತೆಗೆದುಕೊಂಡಿಲ್ಲ.

ಇಷ್ಟು ವರ್ಷದಲ್ಲಿ ನಿಮ್ಮ ಬಳಿ ಕಲಿತವರು ಯಾರೂ ಬಿದ್ದಿಲ್ಲವೇ ಎಂದು ಕೇಳಿದರೆ ನಾಹೀದ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಹೇಳುತ್ತಾರೆ: "ಬಿದ್ದಾರ್ರಿ, ಯಾಕ ಸುಳ್ಳು ಹೇಳ್ಲಿ? ಇಬ್ಬರು ಬಿದ್ದಾರ. ಇಬ್ಬರದೂ ಕ್ಲೇಮ್ ಮಂಜೂರ್ ಆಗ್ಯದ. ಕಾಗದ ಓದಿಸ್ಕೊಳ್ಳಾಕ ಅವರ ಅವ್ವಂದಿರು ಯಾರ ಬಾಗಲಿಗೂ ಹೋಗಿಲ್ಲ."