ಪೆಸಹಾದ ಪಾಲು

ಸಾವಾದ ಮನೆಯಲ್ಲಿ ಆ ವರ್ಷ ಪೆಸಹಾ ಅಪ್ಪ ಮಾಡಬಾರದು. ಕೇರಳದಿಂದ ಇಲ್ಲಿಗೆ ಬರುವಾಗ ನಮ್ಮ ಹಿರಿಯರು ಜೊತೆಗೆ ತಂದ ಕ್ರಮ ಇದು. ಯೇಸುವಿನ ಕೊನೆಯ ಊಟದ ನೆನಪಿಗೆ ಪವಿತ್ರ ಗುರುವಾರದ ಸಂಜೆ ಮನೆಮನೆಯಲ್ಲೂ ಅಕ್ಕಿ, ಉದ್ದು ಅರೆದು, ಹುಳಿ ಬರಿಸದೆ ಅಪ್ಪ ಬೇಯಿಸುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ, ಅದನ್ನು ಮುರಿದು ಎಲ್ಲರಿಗೂ ಕೊಡುತ್ತಾರೆ. ಸಾವಾದ ಮನೆಗೆ ಮಾತ್ರ ನೆರೆಯವರು ತಂದುಕೊಡಬೇಕು. ಕೇಳಿ ಪಡೆಯುವಂಥದ್ದಲ್ಲ, ಅವರಾಗಿಯೇ ತರಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರು ಪುತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಾಗಾಗಿ ಈ ಸಲ ಕಾಯುವ ಸರದಿ ನನ್ನದು.

ಈ ವರ್ಷ ಈಸ್ಟರಿಗೆ ಮುಂಚಿನ, ಮೀನು ಮಾಂಸ ಬಿಡುವ ನೋಂಬು ಶುರುವಾದಾಗಲೇ ಊರಿನಲ್ಲಿ ಆನೆಯ ಭಯ ಇತ್ತು. ಬೆಳಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೊರಟಿದ್ದ ಒಬ್ಬರನ್ನು ಆನೆ ತುಳಿದು ಕೊಂದಿತ್ತು. ಆಮೇಲೆ ಕತ್ತಲಾದರೆ ಯಾರೂ ಅಂಗಳ ದಾಟುತ್ತಿರಲಿಲ್ಲ. ಶುಕ್ರವಾರಗಳಂದು ಒಂದೊಂದು ಮನೆಯಲ್ಲಿ ಸೇರಿ ಹೇಳುವ ಶಿಲುಬೆಹಾದಿಯ ಪ್ರಾರ್ಥನೆಯನ್ನು ಬಿಸಿಲಿರುವಾಗಲೇ ಮುಗಿಸಬೇಕೆಂದು ಇಗರ್ಜಿಯ ಪಾದ್ರಿ ಅಚ್ಚನವರು ಹೇಳಿದರು.

ನಮ್ಮ ಮನೆಯ ಸರದಿ ಬಂದಾಗ ದೊಡ್ಡ ಪಾತ್ರೆಯಲ್ಲಿ ಮರಗೆಣಸು ಬೇಯಿಸಿ, ಗಾಂಧಾರಿ ಮೆಣಸು ಅರೆದಿಟ್ಟಿದ್ದೆ. ಮೊದಲೆಲ್ಲ ಪ್ರಾರ್ಥನೆ ಮುಗಿದ ಮೇಲೆ ಜಗಲಿಯಲ್ಲಿ ಕೂತು ತಿನ್ನುತ್ತ, ಕರಿಕಾಪಿ ಕುಡಿಯುತ್ತ ಬಹಳ ಹೊತ್ತು ಮಾತು ನಡೆಯುತ್ತಿತ್ತು. ಈ ಸಲ ಎಲ್ಲರೂ ನಿಂತೇ ತಿಂದರು. ಕಣ್ಣು ತೋಟದ ಕಡೆಗೇ.

"ಆನೆಗೂ ನೋಂಬು ಉಂಟಾ ಅಂತ ಅಚ್ಚನವರತ್ರ ಕೇಳ್ಬೇಕು," ಎಂದರು ಕೆಳಗಿನ ಮನೆಯ ಅಜ್ಜ.

"ಅದು ವರ್ಷವಿಡೀ ನೋಂಬಿನಲ್ಲೇ ಅಲ್ವಾ ಮಾರಾಯ್ರೆ," ಎಂದಳು ಅವರ ಸೊಸೆ. "ಮೀನು ಮುಟ್ಟುದಿಲ್ಲ, ಮಾಂಸ ಮುಟ್ಟುದಿಲ್ಲ. ನಿಮಗಿಂತ ಅದೇ ಒಳ್ಳೆ ಕ್ರಿಸ್ತಾನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಐದು ನಿಮಿಷದಲ್ಲಿ ಅಂಗಳ ಖಾಲಿಯಾಯಿತು. ಉಳಿದ ಗೆಣಸನ್ನು ಎರಡು ದಿನ ಒಬ್ಬಳೇ ತಿಂದೆ.

ಪವಿತ್ರ ಗುರುವಾರ ಪಾದ ತೊಳೆಯುವ ಪೂಜೆಯನ್ನು ಬೆಳಿಗ್ಗೆಯೇ ಮುಗಿಸಿದರು. ಹೊರಗೆ ಬರುವಾಗ ಹೆಂಗಸರೆಲ್ಲ ಅಪ್ಪದ ಹಿಟ್ಟಿನ ಮಾತಿನಲ್ಲಿದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿದರು. ನೋವಾದೀತೆಂದು ನಿಲ್ಲಿಸಿದರೋ, ಯಾರು ಕೊಡುವುದೆಂದು ಇನ್ನೂ ಗೊತ್ತಾಗದೆ ನಿಲ್ಲಿಸಿದರೋ ತಿಳಿಯಲಿಲ್ಲ. ಮನೆಗೆ ಬಂದು ನೆಲ ಒರೆಸಿದೆ. ಮೇಜಿನ ಮೇಲೆ ಒಂದು ಖಾಲಿ ತಟ್ಟೆ ಇಟ್ಟೆ. ಆಮೇಲೆ ಅದು ಬೇಡುವ ಹಾಗೆ ಕಂಡಿತು, ತೆಗೆದು ಒಳಗಿಟ್ಟೆ.

ಸಂಜೆಯಾಯಿತು. ನಾಯಿ ಬೊಗಳಿದಾಗಲೆಲ್ಲ ಬಾಗಿಲಿಗೆ ಹೋಗಿ ನೋಡುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. ಕೆಳಗಿನ ಮನೆಯ ಸೊಸೆ.

"ಚೇಚಿ, ಅಪ್ಪ ಹಿಡ್ಕೊಂಡು ಅರ್ಧ ದಾರಿ ಬಂದಿದ್ದೆ. ತೋಡಿನ ಹತ್ರ ಆನೆ ಉಂಟಂತೆ. ಫಾರೆಸ್ಟಿನವರು ತಿರುಗಿ ಕಳಿಸಿದ್ರು. ಎಂತ ಮಾಡುದು?"

"ಎಂತ ಮಾಡುದು? ಮನೆಯಲ್ಲೇ ಇರು."

"ನಿಮ್ಮ ಪಾಲು ಇಡ್ತೇನೆ. ನಾಳೆ ಬೆಳಿಗ್ಗೆ ತರ್ತೇನೆ."

ಅಪ್ಪದ ಜೊತೆ ಕುಡಿಯಲು ತೆಂಗಿನ ಹಾಲಿಗೆ ಬೆಲ್ಲ ಹಾಕಿ ಕಾಯಿಸುತ್ತೇವೆ. ಮಲಯಾಳದಲ್ಲಿ ಹಾಲಿಗೆ ಪಾಲ್ ಎನ್ನುವುದು. ನಮ್ಮ ಮಾತಿನಲ್ಲಿ ಎರಡು ಭಾಷೆಗಳೂ ಕಲಸಿಹೋಗಿವೆ. ಅಪ್ಪ ಇಲ್ಲ, ಹಾಲು ಮಾತ್ರ ಉಳಿದಿದೆ ಎಂದು ನಾನು ತಿಳಿದುಕೊಂಡೆ.

"ಪಾಲು ಎಂತಕ್ಕೆ? ಬೆಳಿಗ್ಗೆಗೆ ಹುಳಿ ಬರ್ತದೆ. ಮಕ್ಕಳಿಗೆ ಕೊಟ್ಟುಬಿಡು," ಎಂದೆ. ನನ್ನ ದನಿ ಗಡುಸಾಗಿತ್ತು.

"ಅಯ್ಯೋ, ಆ ಪಾಲು ಅಲ್ಲ ಚೇಚಿ!" ಅವಳಿಗೆ ನಗು ಬಂತು. "ಹುಳಿ ಬರುದು ಆ ಪಾಲಿಗೆ. ಇದು ನಿಮ್ಮ ಪಾಲು. ಕನ್ನಡದ ಪಾಲು. ನಾವು ಮನೆಯಲ್ಲಿ ಐದು ಜನ, ಮಾವ ಆರು ತುಂಡು ಮಾಡ್ತಾರೆ."



ಅಷ್ಟರಲ್ಲಿ ಅಜ್ಜ ಫೋನ್ ತೆಗೆದುಕೊಂಡರು. "ನಾವಿನ್ನೂ ತಿಂದಿಲ್ಲ. ಫೋನ್ ಇಡ್ಬೇಡ, ನೀನೂ ಪ್ರಾರ್ಥನೆಗೆ ಸೇರು. ನಾನು ಹೇಳ್ತೇನೆ, ನೀನು ಉತ್ತರ ಕೊಡು."

ಮೇಜಿನ ಮೇಲೆ ಫೋನ್ ಇಟ್ಟು ಮೊಣಕಾಲೂರಿದೆ. ಅವರ ಮನೆಯ ಕುರ್ಚಿ ಎಳೆಯುವ ಸದ್ದು, ಮಗುವಿನ ಕೆಮ್ಮು ಎಲ್ಲ ಕೇಳುತ್ತಿತ್ತು. ಅಜ್ಜ ಒಂದು ಸಾಲು ಹೇಳುವರು, ಅವರ ಮನೆಯವರೆಲ್ಲರ ಜೊತೆ ನಾನು ಉತ್ತರ ಹೇಳುವೆ. ನಡುವಿನಲ್ಲಿ ಸದ್ದು ನಿಂತಿತು. ರೇಂಜ್ ಹೋಗಿತ್ತು. ಮತ್ತೆ ಮತ್ತೆ ಫೋನ್ ಮಾಡಿ ನೋಡಿದೆ, ಸಿಗಲಿಲ್ಲ.

ಪ್ರಾರ್ಥನೆ ಅರ್ಧಕ್ಕೆ ನಿಂತಿತ್ತು. ನಮ್ಮ ಮನೆಯಲ್ಲಿ ಮೊದಲ ಸಾಲು ಹೇಳುತ್ತಿದ್ದವರು ನಮ್ಮ ಮನೆಯವರು, ನನ್ನದು ಯಾವತ್ತೂ ಉತ್ತರ ಮಾತ್ರ. ಇಷ್ಟು ವರ್ಷ ಕೇಳಿದ್ದರೂ ಅವರ ಸಾಲುಗಳು ನನ್ನ ಬಾಯಿಗೆ ಸರಿಯಾಗಿ ಬರಲಿಲ್ಲ. ತಡೆದು ತಡೆದು ಹೇಳಿದೆ. ಉತ್ತರವನ್ನೂ ನಾನೇ ಹೇಳಿದೆ. ಆಮೇಲೆ ಬೆಳಗ್ಗಿನ ಗಂಜಿಯನ್ನು ಬಿಸಿ ಮಾಡಿ ಉಂಡೆ.

ಮರುದಿನ ಅವಳು ಬಾಳೆ ಎಲೆಯಲ್ಲಿ ಕಟ್ಟಿ ತಂದಳು. ಒಳಗೆ ಕರೆದೆ. "ಇಲ್ಲ ಚೇಚಿ, ಫಾರೆಸ್ಟಿನವರ ಜೀಪು ಕಾಯ್ತಾ ಉಂಟು," ಎಂದು ಓಡಿದಳು. ಗೇಟಿನ ಹತ್ತಿರವೇ ಎಲೆ ಬಿಚ್ಚಿದೆ. ಅಂಗೈಗಿಂತ ಚಿಕ್ಕ ತುಂಡು. ರಾತ್ರಿಯಿಡೀ ಇದ್ದು ಗಟ್ಟಿಯಾಗಿತ್ತು. ಅಲ್ಲೇ ನಿಂತು, ಮೆಲ್ಲಗೆ ಅಗಿದು ಪೂರ್ತಿ ತಿಂದೆ.