ಶ್ರೀಪಾದದ ಮೇಲೆ ಹತ್ತಿಯ ಬೆಂಕಿ

ಆ ದಿನಗಳಲ್ಲಿ ನಮ್ಮ ಲೋಕಕ್ಕೆ ಇದ್ದದ್ದು ಎರಡೇ ಬಾಗಿಲು. ಒಂದು ನಮ್ಮ ಮನೆಯದು, ಇನ್ನೊಂದು ಎದುರುಮನೆಯ ಸಂದುನಿಯದು. ಶಾಲೆ ಕಂಪ್ಯೂಟರಿನೊಳಗೆ ಹೋಗಿ ಕೂತಿತ್ತು, ಅಪ್ಪನ ಆಫೀಸು ಮಲಗುವ ಕೋಣೆಗೆ ಬಂದಿತ್ತು. ಅಂಗಡಿಯಿಂದ ತಂದ ಹಾಲಿನ ಕ್ಯಾನಿಗೂ ಅಮ್ಮ ಸೋಪು ಹಾಕಿ ಸ್ನಾನ ಮಾಡಿಸುತ್ತಿದ್ದಳು. ಕೊರೋನಾ ಬಂದ ವರ್ಷ ಮಕ್ಕಳಾಗಿದ್ದವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ರಾಂಚೊ ಬರ್ನಾರ್ಡೊದ ಆ ಅಪಾರ್ಟ್‌ಮೆಂಟಿನಲ್ಲಿ ನಮಗಿದ್ದ ಒಂದೇ ಭಾಗ್ಯವೆಂದರೆ ಎರಡು ಮನೆಯವರು ಮಾಡಿಕೊಂಡಿದ್ದ ಒಪ್ಪಂದ. ಬೇರೆ ಯಾರ ಮನೆಗೂ ಹೋಗುವುದಿಲ್ಲ, ಯಾರನ್ನೂ ಕರೆಯುವುದಿಲ್ಲ, ಆದರೆ ನಾವು ನಾವು ಓಡಾಡಿಕೊಂಡಿರಬಹುದು.

ನನಗೆ ಆಗ ಹನ್ನೆರಡು ವರ್ಷ. ಬೆಂಗಳೂರಿನಿಂದ ಈ ದೇಶಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಸಂದುನಿಗೂ ಹನ್ನೆರಡೇ. ಅವರು ಶ್ರೀಲಂಕಾದವರು. ಅವಳಪ್ಪ ನಮ್ಮಪ್ಪ ಇಬ್ಬರೂ ಒಂದೇ ಕಂಪನಿಯ ಇಂಜಿನಿಯರುಗಳು. ಅವಳಮ್ಮನನ್ನು ನಾನು ಆಂಟಿ ಎನ್ನುತ್ತಿದ್ದೆ. ಆಂಟಿ ಕೆಂಪು ಮೆಣಸಿನಕಾಯಿ ಹಾಕಿ ಸಾಂಬೋಲ್ ಎಂಬ ತೆಂಗಿನಕಾಯಿ ಚಟ್ನಿ ಮಾಡಿದರೆ ಅದರ ವಾಸನೆ ಕಾರಿಡಾರ್ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅವರು ಅದಕ್ಕೆ ಒಣಮೀನಿನ ಪುಡಿ ಹಾಕುತ್ತಾರೆ. ನಾನು ತಿನ್ನುವುದಿಲ್ಲ ಎಂದು ನನಗಾಗಿಯೇ ಮೊದಲು ಒಂದು ಬಟ್ಟಲು ತೆಗೆದಿಟ್ಟು, ಆಮೇಲೆ ಪುಡಿ ಹಾಕುವರು. ಸಂದುನಿ ಏನಾದರೂ ಕಿತಾಪತಿ ಮಾಡಿದರೆ ಸಾಕು, "ಚಿನ್ನುನ ನೋಡಿ ಕಲಿ" ಎನ್ನುವರು. ಚಿನ್ನು ಎಂದರೆ ನಾನು. ನಾವೆಲ್ಲ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಆದರೆ ಆ ಮಾತುಗಳೆಲ್ಲ ನನಗೆ ನೆನಪಾಗುವುದು ಕನ್ನಡದಲ್ಲೇ.

ಆ ಜುಲೈನಲ್ಲಿ ಸಂದುನಿಯ ತಾತ ಊರಿನಲ್ಲಿ ತೀರಿಕೊಂಡರು. ಅವರ ಭಾಷೆಯಲ್ಲಿ ತಾತನಿಗೆ ಸೀಯ, ಅಜ್ಜಿಗೆ ಆಚ್ಚಿ. ವಿಮಾನವಿಲ್ಲ, ಹೋಗುವ ಹಾಗಿಲ್ಲ. ಸೀಯನ ಕೊನೆಯ ಕಾರ್ಯವನ್ನು ಇವರು ಸೋಫಾದ ಮೇಲೆ ಸಾಲಾಗಿ ಕೂತು, ಬಿಳಿ ಬಟ್ಟೆ ಉಟ್ಟು, ಫೋನಿನಲ್ಲಿ ನೋಡಿದರು. ಅದಾದ ಮೇಲೆ ಸಂದುನಿ ಮಾತು ಕಡಿಮೆ ಮಾಡಿದಳು. ಪಗಡೆ, ಇಸ್ಪೀಟು, ಯಾವುದಕ್ಕೆ ಕರೆದರೂ ಬಂದು ಕೂರುವಳು, ಸೋಲುವಳು, ಎದ್ದು ಹೋಗುವಳು.

ಸೆಪ್ಟೆಂಬರಿನಲ್ಲಿ ಪೂರ್ವದ ಗುಡ್ಡಗಳಿಗೆ ಬೆಂಕಿ ಬಿದ್ದು ಹೊಗೆ ನಮ್ಮ ಕಡೆ ತಿರುಗಿತು. ಆಕಾಶ ಮಾಸಿದ ಕಿತ್ತಳೆ ಬಣ್ಣಕ್ಕೆ ಬಂದು, ಅಮ್ಮ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದಳು. ಹೊರಗೆ ಕಾಲಿಡುವ ಹಾಗಿರಲಿಲ್ಲ. ಅಂಥದೊಂದು ಮಧ್ಯಾಹ್ನ ಅಮ್ಮ ಗೊಂಬೆ ಪೆಟ್ಟಿಗೆಗಳನ್ನು ಇಳಿಸಿದಳು. ದಸರಾ ಹತ್ತಿರ ಬರುತ್ತಿತ್ತು. ಈ ಸಲ ಅರಿಶಿನ ಕುಂಕುಮಕ್ಕೆ ಯಾರೂ ಬರುವಂತಿಲ್ಲ, ಆದ್ದರಿಂದ ನಮ್ಮ ಕನ್ನಡ ಕೂಟದವರು ಕಂಪ್ಯೂಟರಿನಲ್ಲೇ ಗೊಂಬೆ ಸ್ಪರ್ಧೆ ಇಟ್ಟಿದ್ದರು. ಪಟ್ಟದ ಗೊಂಬೆಗಳ ಮೇಲಿನ ಹಳೇ ಪೇಪರ್ ಬಿಚ್ಚುತ್ತಿದ್ದ ಸಂದುನಿ ಕೇಳಿದಳು:

"ಆಂಟಿ, ಇದರ ಪಕ್ಕ ಬೆಟ್ಟ ಇಡಬಹುದಾ?"

"ಅಯ್ಯೋ, ಬೆಟ್ಟ ಇಲ್ದೆ ಗೊಂಬೆ ಕೂರ್ಸೋದಾ? ಮಾಡಿ, ಮಾಡಿ," ಎಂದಳು ಅಮ್ಮ. ಎರಡು ತಿಂಗಳಲ್ಲಿ ಆ ಹುಡುಗಿ ತಾನಾಗಿ ಕೇಳಿದ್ದ ಮೊದಲನೆಯ ಮಾತು ಅದು.

ನಾನು ಕಂಡಿದ್ದ ದೊಡ್ಡ ಬೆಟ್ಟವೆಂದರೆ ನಂದಿಬೆಟ್ಟ, ಅದೂ ಕಾರಿನಲ್ಲಿ. ಸಂದುನಿಯ ಸೀಯ ಮೂವತ್ತು ವರ್ಷ ಬೆಟ್ಟದ ರಸ್ತೆಗಳಲ್ಲಿ ಬಸ್ಸು ಓಡಿಸಿದವರು. ಅವಳಿಗೆ ಬೆಟ್ಟಗಳು ನೆಂಟರ ಹೆಸರಿನಂತೆ ಬಾಯಿಗೆ ಬರುತ್ತಿದ್ದವು. ಎಲ್ಲಕ್ಕಿಂತ ಎತ್ತರದ್ದು ಪಿದುರುತಲಾಗಲ. ಅದರ ನೆತ್ತಿಯ ಮೇಲೆ ಸೈನ್ಯದ ಕಾವಲಿದೆ. ಆಮೇಲಿನವು ಕಿರಿಗಲ್‌ಪೊತ್ತ ಮತ್ತು ತೊಟುಪೊಲ. ಎರಡೂ ಮಂಜು ಕವಿದ ಒಂದು ಎತ್ತರದ ಬಯಲಿನ ಅಂಚಿನಲ್ಲಿವೆ. ಪೂರ್ವಕ್ಕೆ ಒಂಬತ್ತು ಶಿಖರದ ನಮುನುಕುಲ. ಪಶ್ಚಿಮಕ್ಕೆ, ಎಲ್ಲವನ್ನೂ ಬಿಟ್ಟು ಒಂಟಿಯಾಗಿ, ಅವರು ಯಾತ್ರೆಗೆ ಹತ್ತುವ ಶ್ರೀಪಾದ. ಅದರ ತಪ್ಪಲಿನಲ್ಲೇ ಆಚ್ಚಿಯ ಮನೆ.

ಮನೆಗೆ ಬಂದ ಪಾರ್ಸೆಲ್ ಡಬ್ಬಗಳು, ಮೊಟ್ಟೆಯ ಟ್ರೇಗಳು, ಮೈದಾ ಅಂಟು, ಹಳೇ ಪೇಪರು. ಎರಡು ವಾರ ನಮ್ಮ ಕೈಯುಗುರಿನಿಂದ ಹಿಟ್ಟು ಹೋಗಲಿಲ್ಲ. ಹೊಗೆ ಇಳಿದ ಮೇಲೆ ಹಿಂದಿನ ದಿಬ್ಬದಿಂದ ಮಣ್ಣು ತಂದು ಜರಡಿ ಹಿಡಿದು ಹಚ್ಚಿದೆವು. ನನಗೆ ಬೇಗ ಮುಗಿಸುವ ಆತುರ, ಅವಳಿಗೆ ಒಂದೊಂದು ಬೆಟ್ಟದ ಭುಜವೂ ಸರಿಯಾಗಿ ಬರಬೇಕು.

"ಶ್ರೀಪಾದನೇ ಎಲ್ಲಕ್ಕಿಂತ ಎತ್ತರ ಮಾಡೋಣ ಕಣೇ, ಚೆನ್ನಾಗಿ ಕಾಣುತ್ತೆ," ಎಂದೆ.

"ಆಗಲ್ಲ. ಅದು ಎತ್ತರದ್ದಲ್ಲ. ಪಕ್ಕದಲ್ಲಿ ಇನ್ಯಾವುದೂ ಇಲ್ಲ, ಅದಕ್ಕೇ ಹಾಗೆ ಕಾಣುತ್ತೆ ಅಂತ ಸೀಯ ಹೇಳ್ತಿದ್ರು."

"ಇಲ್ಲಿ ಯಾರು ಟೇಪ್ ಹಿಡಿದು ಅಳೀತಾರೆ?"

"ಆಚ್ಚಿ ನೋಡ್ತಾರೆ," ಎಂದಳು.

ಬೆಟ್ಟಗಳ ಬುಡಕ್ಕೆ ಅಮ್ಮ ರಾಗಿ ಚೆಲ್ಲಿಸಿದಳು. ನಮ್ಮಲ್ಲಿ ಗೊಂಬೆಯ ಪಕ್ಕ ರಾಗಿ ಮೊಳಕೆ ಬರಿಸಿ ಪಾರ್ಕು ಮಾಡುತ್ತಾರೆ. ಸಂದುನಿಗೆ ಅದು ಟೀ ತೋಟವಾಯಿತು. ದಿನಾ ಬೆಳಿಗ್ಗೆ ಕ್ಲಾಸು ಶುರುವಾಗುವ ಮೊದಲು ಬಂದು ಚಮಚದಲ್ಲಿ ನೀರು ಹಾಕುವಳು. ಶ್ರೀಪಾದದ ತುದಿಯಲ್ಲಿ ಒಂದು ಗಂಟೆ ಇದೆಯಂತೆ. ಎಷ್ಟು ಸಲ ಹತ್ತಿದ್ದೀವೋ ಅಷ್ಟು ಸಲ ಬಾರಿಸಬೇಕಂತೆ. ಸೀಯ ಬಾರಿಸುತ್ತಾ ಹೋದರೆ ಹಿಂದೆ ನಿಂತವರು ಗೊಣಗುತ್ತಿದ್ದರಂತೆ. ಅವಳು ಬಾರಿಸಿದ್ದು ಒಂದೇ ಸಲ, ಎಂಟನೇ ವಯಸ್ಸಿನಲ್ಲಿ, ಸೀಯನ ಕೈ ಹಿಡಿದು. ನನ್ನ ಹಳೇ ಗೆಜ್ಜೆಯಿಂದ ಒಂದು ಕಾಳು ಬಿಡಿಸಿ ತುದಿಗೆ ಸಿಕ್ಕಿಸಿದಳು. ಅವತ್ತು ಅವಳು ನಕ್ಕಳು. ಆ ನಗು ಬಂದದ್ದು ನನ್ನ ಮನೆಯಲ್ಲಿ, ನನ್ನ ಗೆಜ್ಜೆಯಿಂದ ಎಂದು ನನಗೆ ಬಹಳ ಹೆಮ್ಮೆಯಾಯಿತು. ಆ ಹೆಮ್ಮೆ ಒಂದು ವಾರ ಇತ್ತು.

ಹಬ್ಬ ಶುರುವಾಗಿ ಏಳನೆಯ ದಿನ ಅಮ್ಮನ ಗೆಳತಿಯೊಬ್ಬರು ತಮ್ಮ ಗೊಂಬೆಗಳ ವಿಡಿಯೋ ಕಳಿಸಿದರು. ಯೂನಿವರ್ಸಿಟಿ ಸಿಟಿಯ ಅವರ ಮನೆಯಲ್ಲಿ ದಶಾವತಾರ, ಸುತ್ತ ದೀಪಗಳು, ಮೋಟರಿನಿಂದ ತಿರುಗುವ ಚಕ್ರ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಮ್ಮದರಲ್ಲಿ ಏನಿದೆ? ಕಂದು ಬಣ್ಣದ ಐದು ಗುಡ್ಡ, ಯಾರೂ ಕೇಳದ ಹೆಸರು. ಆಗ ಪೆಟ್ಟಿಗೆಯಲ್ಲೇ ಮಲಗಿದ್ದ ರಾವಣ ನೆನಪಾದ. ಬೆಂಗಳೂರಿನಿಂದ ಬರುವಾಗ ಒಂದು ತಲೆ ಮುರಿದು, ಗೋಂದು ಹಾಕಿ ಅಂಟಿಸಿಕೊಂಡಿದ್ದ ರಾವಣ. ಅವನ ಜೊತೆ ಒಬ್ಬ ಹನುಮಂತನೂ ಇದ್ದ.

ಲಂಕೆಯಂತೂ ತಯಾರಾಗಿಯೇ ಇದೆಯಲ್ಲ! ನಿಜ ಹೇಳುತ್ತೇನೆ, ನನಗೆ ಅದು ಮಹಾ ಬುದ್ಧಿವಂತಿಕೆ ಎನಿಸಿತು.

"ಅಮ್ಮ, ಲಂಕಾದಹನ ಮಾಡ್ಲಾ?"

ಅಮ್ಮ ಒಲೆಯ ಮುಂದಿದ್ದಳು. ಎದುರುಮನೆಯ ಬಾಗಿಲಿಗೆ ಇಡಲು ಗೊಂಬೆ ಹಬ್ಬಕ್ಕೆ ಹಂಚುವ ಚರ್ಪು ತಿಂಡಿಯ ಪೊಟ್ಟಣ ಕಟ್ಟುತ್ತಿದ್ದಳು. ಅವತ್ತು ಕಡಲೆಕಾಳಿನ ಉಸಲಿ. ತಿರುಗಿ ನೋಡದೆ, "ಸಂದುನೀನ ಕೇಳಿದ್ಯಾ?" ಎಂದಳು.

"ಹೂಂ, ಕೇಳ್ದೆ. ಅವಳೂ ಸರಿ ಅಂದ್ಲು."

ಎಷ್ಟು ಸಲೀಸಾಗಿ ಬಂತು ಆ ಮಾತು! ಸಂದುನಿ ಎರಡು ದಿನದಿಂದ ನಮ್ಮ ಕಡೆ ಬಂದೇ ಇರಲಿಲ್ಲ. ಸೀಯ ಹೋಗಿ ಮೂರು ತಿಂಗಳಾಗಿತ್ತು. ಅವರ ಪದ್ಧತಿಯಂತೆ ಊರಿನಲ್ಲಿ ಭಿಕ್ಷುಗಳಿಗೆ ದಾನ ಕೊಡುವ ದಿನ ಬಂದಿತ್ತು. ಇಲ್ಲಿಯೂ ಮನೆ ತೊಳೆದು ಅಡುಗೆ ಮಾಡುತ್ತಿದ್ದರು, ಅವಳು ತನ್ನಮ್ಮನ ಸಹಾಯಕ್ಕೆ ನಿಂತಿದ್ದಳು. ಹೋಗುವಾಗ ನನಗೆ ಹೇಳಿದ್ದಿಷ್ಟೇ: "ರಾಗಿಗೆ ನೀರು ಹಾಕು. ನಾಳಿದ್ದು ಸಂಜೆ ಆಚ್ಚಿಗೆ ಫೋನಿನಲ್ಲಿ ತೋರಿಸ್ತೀನಿ. ಆಗ ಅಲ್ಲಿ ಬೆಳಗಾಗಿರುತ್ತೆ, ಭಿಕ್ಷುಗಳು ಇನ್ನೂ ಬಂದಿರಲ್ಲ."

ರಾಗಿಗೆ ನೀರು ಹಾಕಲಿಲ್ಲ. ಬೆಂಕಿಗೆ ಜಾಗ ಬೇಕೆಂದು ಕತ್ತರಿ ತಂದು ಕತ್ತರಿಸಿದೆ. ಹತ್ತಿಗೆ ಕುಂಕುಮ ಅರಿಶಿನ ಹಚ್ಚಿ ಇಳಿಜಾರಿನ ತುಂಬ ಅಂಟಿಸಿದೆ. ಪಿದುರುತಲಾಗಲದ ಮೇಲೆ ರಾವಣನನ್ನು ಕೂರಿಸಿದೆ. ಹನುಮಂತನಿಗೆ ಶ್ರೀಪಾದವನ್ನು ಆರಿಸಿದೆ, ಏಕೆಂದರೆ ಅದು ಒಂಟಿಯಾಗಿ ಎದ್ದು ಕಾಣುತ್ತಿತ್ತು. ಗೆಜ್ಜೆಯ ಕಾಳು ಕಿತ್ತು ಅವನನ್ನು ಅಲ್ಲಿ ನಿಲ್ಲಿಸಿದೆ. ಹೊಗೆ ಬರಲೆಂದು ಎರಡು ಊದುಬತ್ತಿ ಚುಚ್ಚಿದೆ. ಕಿಡಿ ತಗುಲಿ ಪೇಪರು ಸ್ವಲ್ಪ ಸುಟ್ಟು ಕಪ್ಪಾಯಿತು. ಇನ್ನೂ ಚೆನ್ನಾಯಿತು ಎಂದುಕೊಂಡೆ.

ಸ್ಪರ್ಧೆ ಸಂಜೆ ಐದಕ್ಕೆ. ಪರದೆಯ ಪುಟ್ಟ ಪುಟ್ಟ ಚೌಕಗಳಲ್ಲಿ ಆಂಟಿಯರು, ಅಂಕಲ್‌ಗಳು. ನಾನು ರೇಷ್ಮೆ ಲಂಗ ಉಟ್ಟು ವಿವರಿಸಿದೆ. "ವಾಹ್, ಏನ್ ಕ್ರಿಯೇಟಿವ್ ಮಗು!" ಎಂದರು. ಎರಡನೆಯ ಬಹುಮಾನ ಬಂತು. ಚಕ್ರ ತಿರುಗಿಸಿದವರಿಗೆ ಮೂರನೆಯದು.

ಆರು ಗಂಟೆಗೆ ಬಾಗಿಲು ತಟ್ಟಿದರು. ಆಂಟಿ, ಅಂಕಲ್, ಸಂದುನಿ, ಮೂವರೂ ಬಿಳಿ ಬಟ್ಟೆಯಲ್ಲಿದ್ದರು. ಆಂಟಿಯ ಕೈಯಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿ ವಜ್ರಾಕಾರವಾಗಿ ಕತ್ತರಿಸಿದ ಅನ್ನದ ತಟ್ಟೆ. ಸಂದುನಿ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಒಳಗೆ ಬಂದಳು. ಪರದೆಯ ಮೇಲೆ ಆಚ್ಚಿ. ಅವರೂ ಬಿಳಿ ಸೀರೆಯಲ್ಲಿ, ಹಿಂದೆ ಅಡುಗೆಮನೆಯ ಗಲಾಟೆ. ಸಂದುನಿ ಅವರ ಭಾಷೆಯಲ್ಲಿ ಏನೋ ಖುಷಿಯಿಂದ ಹೇಳುತ್ತಾ, ಫೋನನ್ನು ಬೆಟ್ಟದ ಕಡೆ ತಿರುಗಿಸಿ, ಆಮೇಲೆ ತಾನು ನೋಡಿದಳು.

ಊದುಬತ್ತಿ ಇನ್ನೂ ಉರಿಯುತ್ತಿತ್ತು.

"ಇದು ಲಂಕಾದಹನ," ಎಂದು ಅಮ್ಮ ಸಂಭ್ರಮದಿಂದ ಶುರು ಮಾಡಿದಳು. "ಪ್ರೈಜ್ ಬಂತು ಗೊತ್ತಾ? ಎಲ್ಲಾ ಈ ಇಬ್ಬರದ್ದೇ ಐಡಿಯಾ."

ಫೋನಿನಲ್ಲಿ ಗಲಾಟೆ ನಿಂತಿತು. ಆಚ್ಚಿ ಒಂದು ಪ್ರಶ್ನೆ ಕೇಳಿದರು. ಅಂಕಲ್ ಫೋನು ತೆಗೆದುಕೊಂಡು ಕಾರಿಡಾರಿಗೆ ಹೋದರು. ಆಂಟಿ ಮಗಳ ಮುಖವನ್ನೇ ನೋಡುತ್ತಾ, "ಇದನ್ನ ನೀನೂ ಸೇರಿ ಮಾಡಿದ್ಯಾ? ಇವತ್ತಿನ ದಿನ?" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ಹೌದಾ ಚಿನ್ನು?"

ಆಗ ಇಲ್ಲ ಎನ್ನಬಹುದಿತ್ತು. ಅಮ್ಮ ಪಕ್ಕದಲ್ಲೇ ಇದ್ದಳು, ಮಧ್ಯಾಹ್ನದ ಸುಳ್ಳು ಹೊರಬೀಳುತ್ತಿತ್ತು. ನಾನು ಹೌದೆಂದು ತಲೆಯಾಡಿಸಿದೆ.

ಸಂದುನಿ ನನ್ನನ್ನು ನೋಡಿದಳು. ಕತ್ತರಿಸಿದ ರಾಗಿಯ ಮೇಲೆ ಬೆರಳಿಟ್ಟು, "ಇಲ್ಲಿ ಮನೆ ಇದೆ. ಇಲ್ಲಿ ಜನ ಇದ್ದಾರೆ," ಎಂದಳು. ಅಷ್ಟೇ. ಆಂಟಿ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು, ತುಂಬ ಮರ್ಯಾದೆಯಿಂದ ಕುಂಕುಮ ತೆಗೆದುಕೊಂಡು, ಮಗಳನ್ನು ಕರೆದುಕೊಂಡು ಹೋದರು.

ಅಮ್ಮನಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. "ಪಾಪ, ಅವರ ಊರಲ್ವಾ, ನಮಗೆ ಹೊಳೀಲೇ ಇಲ್ವಲ್ಲೇ," ಎಂದು ಮಾರನೆಯ ದಿನ ಹೋಗಿ ಕ್ಷಮೆ ಕೇಳಿ ಬಂದಳು. ಆಂಟಿ, "ಮಕ್ಕಳಲ್ವಾ, ಬಿಡಿ" ಎಂದರಂತೆ. ನನಗಾಗಿ ಸಾಂಬೋಲಿನ ಬಟ್ಟಲು ಮೊದಲಿನಂತೆಯೇ ಬರುತ್ತಿತ್ತು. ನಾನು ಬಟ್ಟಲು ಖಾಲಿ ಮಾಡಿಯೇ ಕಳಿಸುತ್ತಿದ್ದೆ. ಸಂದುನಿ ಎದುರು ಸಿಕ್ಕರೆ ಹಾಯ್ ಎನ್ನುವಳು. ಆಟಕ್ಕೆ ಕರೆದರೆ ಹೋಮ್‌ವರ್ಕ್ ಇದೆ ಎನ್ನುವಳು. ಮುಂದಿನ ಬೇಸಿಗೆಯಲ್ಲಿ ಅವಳಪ್ಪನಿಗೆ ಟೆಕ್ಸಾಸಿನಲ್ಲಿ ಕೆಲಸವಾಗಿ ಅವರು ಹೊರಟರು. ಕಾರಿನ ಹತ್ತಿರ ಆಂಟಿ ನನ್ನನ್ನು ತಬ್ಬಿ ಅತ್ತರು. ಸಂದುನಿ ಆಗಲೇ ಸೀಟ್‌ಬೆಲ್ಟ್ ಹಾಕಿ ಕೂತಿದ್ದಳು.

ಈಗ ನಾನು ನಾರ್ತ್‌ರಿಜ್‌ನಲ್ಲಿ ಓದುತ್ತಿದ್ದೇನೆ. ಮೂವರು ಹುಡುಗಿಯರ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದೇನೆ. ಹೋದ ತಿಂಗಳು ಕ್ಯಾಂಪಸ್ಸಿಗೆ ಹೋಗುವ ಬಸ್ಸಿನಲ್ಲಿದ್ದಾಗ ಸಂದುನಿಯ ಮೆಸೇಜು ಬಂತು. ವರ್ಷಗಳಾದ ಮೇಲೆ. "ಆಚ್ಚಿ ಕೇಳ್ತಿದ್ದಾರೆ. ನಾನು ಮಾಡಿದ್ದ ಬೆಟ್ಟದ ಫೋಟೋ ನಿನ್ನ ಹತ್ರ ಇದೆಯಾ? ಬೆಂಕಿ ಇಲ್ಲದ್ದು."

ನನ್ನ ಫೋನೆಲ್ಲ ಹುಡುಕಿದೆ. ಅಮ್ಮನಿಗೆ ಫೋನ್ ಮಾಡಿ ಅವಳ ಹಳೇ ಫೋನನ್ನೂ ಹುಡುಕಿಸಿದೆ. ಸ್ಪರ್ಧೆಯ ವಿಡಿಯೋ ಇದೆ, ರಾವಣನ ಹತ್ತೂ ತಲೆ ಸ್ಪಷ್ಟವಾಗಿವೆ. ಅದಕ್ಕಿಂತ ಹಿಂದಿನ ಎರಡು ವಾರದಲ್ಲಿ ನಾನು ತೆಗೆದದ್ದೆಲ್ಲ ನನ್ನದೇ ಫೋಟೋ. ಮೂಗಿಗೆ ಮೈದಾ ಮೆತ್ತಿಕೊಂಡ ನಾನು, ಜರಡಿ ತಲೆಗೆ ಹಾಕಿಕೊಂಡ ನಾನು. ಹಿಂದೆ ಎಲ್ಲೋ ಮಸುಕಾಗಿ ಒಂದಿಷ್ಟು ಕಂದು ಬಣ್ಣ.

ಮಾರನೆಯ ದಿನ ಅದೇ ಬಸ್ಸಿನಲ್ಲಿ ಕೂತು ಇಲ್ಲ ಎಂದು ಬರೆದೆ. ಬರೆದ ಮೇಲೆ ಅಲ್ಲಿಗೆ ನಿಲ್ಲಿಸಲು ಆಗಲಿಲ್ಲ. "ಅವತ್ತು ಬೆಂಕಿ ಹಚ್ಚಿದ್ದು ನಾನೊಬ್ಬಳೇ. ನೀನು ಒಪ್ಪಿದ್ದೆ ಅಂತ ಎಲ್ಲರ ಹತ್ರ ಸುಳ್ಳು ಹೇಳಿದೆ. ಆಂಟಿಗೆ ದಯವಿಟ್ಟು ಈಗಲಾದ್ರೂ ಹೇಳು."

ಉತ್ತರ ಬರುವ ಹೊತ್ತಿಗೆ ನನ್ನ ಸ್ಟಾಪ್ ದಾಟಿ ಹೋಗಿತ್ತು.

"ಅವತ್ತೇ ಮನೆಗೆ ಹೋದ ತಕ್ಷಣ ಅಮ್ಮಂಗೆ ಹೇಳ್ದೆ. ಅತ್ತು ಅತ್ತು ಹೇಳ್ದೆ. ಅವರು ನಂಬಲಿಲ್ಲ. ಚಿನ್ನು ಸುಳ್ಳು ಹೇಳೋ ಹುಡುಗಿ ಅಲ್ಲ, ನಿನ್ನ ತಪ್ಪನ್ನ ಅವಳ ಮೇಲೆ ಹಾಕ್ಬೇಡ ಅಂತ ನನ್ನನ್ನೇ ಬೈದ್ರು."

ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಿನಲ್ಲಿ ಹಿಂದಕ್ಕೆ ನಡೆದೆ. ಇಲ್ಲಿ ನನಗೆ ಗೆಳತಿಯರಿದ್ದಾರೆ. ಅವರ ಮನೆಗಳಿಗೆ ಹೋಗುತ್ತೇನೆ, ಅವರ ಅಮ್ಮಂದಿರು ನನ್ನನ್ನು ಚೆನ್ನಾಗಿಯೇ ಮಾತಾಡಿಸುತ್ತಾರೆ. ಆದರೆ ಹೆತ್ತ ಮಗಳು ಎದುರು ನಿಂತು ಅಳುತ್ತಿದ್ದರೂ ಅವಳ ಮಾತು ಬಿಟ್ಟು ನನ್ನ ಮಾತನ್ನು ನಂಬುವಂಥ ಮನೆ ನನಗೆ ಒಂದೇ ಒಂದು ಇತ್ತು.