ಮೂವತ್ತೇಳನೆಯ ಫೋಟೊ

ಶಹಾಬಾದಿನಲ್ಲಿ ನನ್ನದೊಂದು ಡಿಸೈನ್ ಅಂಗಡಿ. ಮದುವೆ ಪತ್ರಿಕೆ, ಫ್ಲೆಕ್ಸ್, ಬೋರ್ಡು ಎಲ್ಲ ಮಾಡುತ್ತೇನೆ. ಖಾಲಿ ಜಾಗ ಕಂಡರೆ ಗಿರಾಕಿಗಳಿಗೆ ಸಂಕಟ. ಅಲ್ಲೊಂದು ಹೂವು, ಇಲ್ಲೊಂದು ನವಿಲು ಕೂರಿಸಿಯೇ ಏಳುತ್ತಾರೆ. ಹೀಗೆ ತುಂಬಿಸಿ ತುಂಬಿಸಿ ನನ್ನ ಕಣ್ಣೇ ಕೆಟ್ಟುಹೋಗಿತ್ತು. ವಾಡಿಯಲ್ಲಿ ಸ್ಟುಡಿಯೊ ಇಟ್ಟಿದ್ದ ನನ್ನ ಗುರುಗಳು ಅದನ್ನು ಮುಚ್ಚುವಾಗ ತಮ್ಮ ಹಳೆಯ ಫಿಲ್ಮ್ ಕ್ಯಾಮೆರಾ ನನಗೆ ಕೊಟ್ಟರು. "ಇದ್ರಾಗ ಅಳಿಸ್ಲಿಕ್ಕೆ ಬರಂಗಿಲ್ಲ. ನೋಡಿ ಒತ್ತು," ಅಂದರು.

ಒಂದು ರೋಲಿಗೆ ಮೂವತ್ತಾರು ಫೋಟೊ. ಒತ್ತುವ ಮೊದಲು ಏನನ್ನು ಬಿಡಬೇಕು ಎಂದು ಯೋಚಿಸಬೇಕು. ನನ್ನಂಥ ಆತುರಗೇಡಿಗೆ ಅದೊಂದು ಶಿಕ್ಷೆಯೇ. ಆದರೂ ಅದರಿಂದಲೇ ನನ್ನ ಕೆಲಸ ಬದಲಾಯಿತು. ಚಿಂಚೋಳಿಯ ಒಂದು ಬಾಗಿಲಿನ ನೀಲಿ ಮದುವೆ ಪತ್ರಿಕೆಗೆ ಬಂತು, ನೆಲಕ್ಕೆ ಹಾಸುವ ನಮ್ಮೂರ ಪರ್ಸಿ ಕಲ್ಲಿನ ಬೂದು ಬಣ್ಣ ಬೋರ್ಡಿಗೆ ಬಂತು. ಸೇಡಂನಲ್ಲಿ ಒಂದು ಗೋಡೆಯ ಮೇಲೆ ಕೈಯಿಂದ ಬರೆದ ಜಾಹೀರಾತು ಸಿಮೆಂಟಿನ ಧೂಳು ಕುಡಿದು ಅರ್ಧ ಮಾಸಿತ್ತು. ಎಂಥ ಅಕ್ಷರಗಳು! ಅದೊಂದಕ್ಕೇ ಏಳು ಫೋಟೊ ಖರ್ಚು ಮಾಡಿದೆ.

ಅವ್ವನಿಗೆ ಇದು ನಗೆಪಾಟಲು. "ಗೋಡಿ ಫೋಟೋ ಯಾಕ ತೆಗೀಲಿಕತ್ತಿ? ಗೋಡಿ ಎಲ್ಲಿಗೆ ಓಡಿ ಹೋಗ್ತದ?" ಎನ್ನುತ್ತಿದ್ದಳು. ನಾನು ಹೊಸ ರೋಲು ಹಾಕಿದಾಗಲೆಲ್ಲ ಮೊದಲ ಫೋಟೊ ದೇವರದೇ ಆಗಬೇಕು. ಊದುಬತ್ತಿ ಹಚ್ಚಿ ಪಟದ ಮುಂದೆ ಒತ್ತುವುದು ಗುರುಗಳ ಸ್ಟುಡಿಯೊ ಪದ್ಧತಿ, ನಾನೂ ಬಿಟ್ಟಿರಲಿಲ್ಲ. ಅವ್ವನದು ಮಾತ್ರ ನಾಳೆ, ಒಳ್ಳೆ ಬೆಳಕಿನಲ್ಲಿ ತೆಗೆದರಾಯಿತು ಎಂದು ಮುಂದೂಡುತ್ತಲೇ ಇದ್ದೆ.

ಹೋದ ವರ್ಷ ಒಂದು ಸಂಜೆ ಅವ್ವ ಕಟ್ಟೆಯ ಮೇಲೆ ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಬೆಳಕು ಚೆನ್ನಾಗಿತ್ತು. ಆದರೆ ರೋಲಿನಲ್ಲಿ ಮೂವತ್ತಾರೂ ಮುಗಿದಿದ್ದವು. ಒಮ್ಮೊಮ್ಮೆ ರೋಲಿನ ಬಾಲದಲ್ಲಿ ಇನ್ನೊಂದು ಸಿಗುತ್ತದೆ ಎಂದು ಗುರುಗಳು ಹೇಳಿದ್ದು ನೆನಪಾಗಿ ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆದೆ, ಬಂತು. "ಮೊದಲಿಂದು ದೇವರಿಗೆ, ನಡುವಿನವು ಗೋಡಿಗೆ, ನನಗ ತಳದಾಗ ಉಳಿದದ್ದೇನು?" ಎಂದು ಅವ್ವ ಬಾಯ್ತುಂಬ ನಕ್ಕಳು. ಒತ್ತಿದೆ.

ರೋಲನ್ನು ತೊಳೆಯಲು ಹೈದರಾಬಾದಿನ ಲ್ಯಾಬಿಗೆ ಕಳಿಸಿದೆ. ಅದು ವಾಪಸು ಬರುವಷ್ಟರಲ್ಲಿ ಅವ್ವ ಇರಲಿಲ್ಲ. ಎದೆ ನೋವು ಅಂದವಳು ಕಲಬುರಗಿ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ದೇವರ ಫೋಟೊ ಸ್ಪಷ್ಟವಾಗಿ ಬಂದಿತ್ತು. ಗೋಡೆಯವೂ ಅಷ್ಟೇ. ಲ್ಯಾಬಿನಲ್ಲಿ ರೋಲಿನ ಬಾಲವನ್ನು ಡಬ್ಬಿಯಿಂದ ಕತ್ತರಿಸಿ ತೆಗೆಯುವಾಗ ಮೂವತ್ತೇಳನೆಯದರ ಅರ್ಧ ಹೋಗಿತ್ತು. ಲೆಕ್ಕದಲ್ಲಿಲ್ಲದ ಫೋಟೊ ಅದು, ಲ್ಯಾಬಿನವರನ್ನು ಬೈದು ಏನು ಉಪಯೋಗ? ಅರ್ಧ ಹಣೆ, ಒಂದು ಕಣ್ಣು, ಮೂಗುಬೊಟ್ಟು, ಅರ್ಧ ನಗು. ಮೊಬೈಲಿನಲ್ಲಿ ಅವಳ ಫೋಟೊಗಳು ಬೇಕಾದಷ್ಟಿವೆ, ಎಲ್ಲದರಲ್ಲೂ ಆಧಾರ್ ಕಾರ್ಡಿನ ಮುಖ. ನಕ್ಕದ್ದು ಇದೊಂದರಲ್ಲೇ.

ಗಿರಾಕಿಗಳ ಹರಿದ ಫೋಟೊ ದಿನಾ ಜೋಡಿಸುವ ಕೈ ನನ್ನದು. ಕಂಪ್ಯೂಟರಿನಲ್ಲಿ ಇದ್ದ ಅರ್ಧವನ್ನೇ ತಿರುಗಿಸಿ ಆಚೆ ಬದಿಗೆ ಅಂಟಿಸಿದೆ. ಎರಡೂ ಕಡೆ ಮೂಗುಬೊಟ್ಟು ತೊಟ್ಟ ಯಾರೋ ಹೆಂಗಸು ನನ್ನನ್ನು ನೋಡಿ ನಗುತ್ತಿದ್ದಳು. ಅಳು ಬಂತು. ಅಳಿಸಿಬಿಟ್ಟೆ.

ಪುಣ್ಯತಿಥಿಯ ಕಾರ್ಡಿಗೆ ಆ ಅರ್ಧ ಫೋಟೊವನ್ನೇ ಇಟ್ಟು ಉಳಿದದ್ದನ್ನು ಖಾಲಿ ಬಿಟ್ಟೆ. ಚಿತ್ತಾಪುರದಿಂದ ಬಂದ ಅಕ್ಕ, "ಮಂದಿ ಏನಂದಾರು? ಒಂದು ದೀಪ ಆದರೂ ಹಾಕು," ಅಂದಳು. ನಾನು ಏನನ್ನೂ ಹಾಕಲಿಲ್ಲ. ಅವಳು ಸ್ವಲ್ಪ ಹೊತ್ತು ಆ ಖಾಲಿ ಜಾಗದ ಮೇಲೆ ಬೆರಳಾಡಿಸುತ್ತ ಕುಳಿತಿದ್ದಳು.

ಮೊನ್ನೆ ಕೆಲಸದ ಮೇಲೆ ಸೇಡಂಗೆ ಹೋಗಿದ್ದೆ. ಕ್ಯಾಮೆರಾ ಹೆಗಲಲ್ಲಿತ್ತು, ರೋಲೂ ಹೊಸದು. ಆ ಗೋಡೆ ಎಲ್ಲಿಗೂ ಓಡಿ ಹೋಗಿರಲಿಲ್ಲ, ಅಲ್ಲೇ ಇತ್ತು. ನನ್ನ ಏಳು ಫೋಟೊಗಳಲ್ಲಿ ಹೇಗಿದೆಯೋ ಹಾಗೇ ಇತ್ತು.